ಮೆಸ್ಸಿಯ ಊರಿನ ಸೊಪ್ಪಿನ ಮಡಿ

ಅರ್ಜೆಂಟೀನಾದ ರೊಸಾರಿಯೊ ಅಂದರೆ ಫುಟ್‌ಬಾಲ್ ಪ್ರಿಯರಿಗೆ ಮೆಸ್ಸಿ ಹುಟ್ಟಿದ ಊರು. ಅಲ್ಲಿನ ಬಡವರಿಗೆ ಮಾತ್ರ 2001ರ ಡಿಸೆಂಬರ್ ಮರೆಯುವುದಿಲ್ಲ. ದೇಶದ ಅರ್ಥವ್ಯವಸ್ಥೆ ನೆಲಕಚ್ಚಿ, ಬ್ಯಾಂಕಿನಲ್ಲಿಟ್ಟ ದುಡ್ಡೂ ಕೈಗೆ ಸಿಗದೆ, ಹಸಿದವರು ಸೂಪರ್‌ಮಾರ್ಕೆಟ್‌ಗಳಿಗೆ ನುಗ್ಗಿದ ತಿಂಗಳು ಅದು.

2002ರಲ್ಲಿ ನಗರಪಾಲಿಕೆ ಅಲ್ಲಿ ನಗರ ಕೃಷಿ ಯೋಜನೆ ಶುರುಮಾಡಿತು. ಬೀಜ, ಸಲಕರಣೆ, ತರಬೇತಿಗೆ ಹಣ ಹಾಕಿತು. ಎರಡು ವರ್ಷದೊಳಗೆ ಸುಮಾರು 800 ಸಮುದಾಯ ತೋಟಗಳು ಎದ್ದವು.

ನಿಜವಾದ ತೊಡಕು ಜಾಗದ್ದು.

ಖಾಲಿ ಸೈಟಿನಲ್ಲಿ ಮಣ್ಣು ಹದ ಮಾಡಿ, ಗೊಬ್ಬರ ಹಾಕಿ, ಸೊಪ್ಪು ಕೈಗೆ ಬರುವ ಹೊತ್ತಿಗೆ ಮಾಲೀಕ ಬಂದು ಎಬ್ಬಿಸಿದರೆ ಪಟ್ಟ ಪಾಡೆಲ್ಲ ಮಣ್ಣುಪಾಲು. ಹಾಗಾಗಿ ಪಾಲಿಕೆ ರೈಲು ಹಳಿಯ ಬದಿ, ಹೆದ್ದಾರಿಯ ಅಂಚು, ನೆರೆ ನೀರು ನುಗ್ಗುವ ತಗ್ಗು ಹೀಗೆ ಮನೆ ಕಟ್ಟಲು ಬಾರದ ಜಾಗ ಹುಡುಕಿ, ಸಾಗುವಳಿಗೆ ಬಿಟ್ಟುಕೊಟ್ಟಿತು. ಕೆಲವು ಕಡೆ ತೋಟಗಳೇ ಸಾರ್ವಜನಿಕ ಉದ್ಯಾನಗಳಾದವು. ಬೆಳೆದದ್ದನ್ನು ಮಾರಲು ಊರೊಳಗೇ ಸಂತೆಯ ವ್ಯವಸ್ಥೆಯಾಯಿತು. ರಾಸಾಯನಿಕ ಹಾಕದ ಲೆಟ್ಯೂಸ್, ಪಾಲಕ್ ಮನೆಯ ಊಟಕ್ಕೆ ಸಾಕಾಗಿ ಮಿಕ್ಕಿದರೆ ಅಲ್ಲಿ ಕಾಸಾಗುತ್ತಿತ್ತು.

ಆರ್ಥಿಕತೆ ಚೇತರಿಸಿದ ಮೇಲೆ ಅನೇಕರು ಗುದ್ದಲಿ ಬಿಟ್ಟು ಬೇರೆ ಕೆಲಸಕ್ಕೆ ಹೋದರು. ಯೋಜನೆ ಮಾತ್ರ ನಿಲ್ಲಲಿಲ್ಲ. 2021ರಲ್ಲಿ ಅದಕ್ಕೆ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್‌ನ ರಾಸ್ ಪ್ರಶಸ್ತಿ ಬಂತು. ಮೊತ್ತ 2.5 ಲಕ್ಷ ಡಾಲರ್. ಅಷ್ಟರಲ್ಲಿ ಯೋಜನೆಗೆ ಹತ್ತಿರಹತ್ತಿರ 20 ವರ್ಷ ತುಂಬಿತ್ತು.