ಬಡತನಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು?

ಬಡತನ ಅಂದ್ರೆ ಏನು ಅಂತ ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅದರ ಇಂಗ್ಲಿಷ್ ಹೆಸರುಗಳನ್ನು ನಾವು ಚೆನ್ನಾಗಿ ಕಲಿಯಬೇಕು ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಬರೆಯುತ್ತೇನೆ.

ಮೊದಲು ಪೂರ್ ಅನ್ನೋ ಪದ ತಗೊಳ್ಳಿ. ಮನೆಯಲ್ಲಿ ದುಡ್ಡಿಲ್ಲದಿದ್ದರೂ ಪೂರ್, ಅಕ್ಷರ ಚೆನ್ನಾಗಿಲ್ಲದಿದ್ದರೂ ಪೂರ್. ನಮ್ಮ 'ಬಡ' ಹಾಗಲ್ಲ. ನಮ್ಮಜ್ಜಿ "ಎಮ್ಮೆ ಬಡವಾಗೈತೆ, ಹಿಂಡಿ ಇಡು" ಅಂತಾಳೆ. ಬಡವಾಗೋದು ಅಂದ್ರೆ ಸೊರಗೋದು. ಹೊಟ್ಟೆಗೆ ಬಿದ್ದಿಲ್ಲ ಅನ್ನೋದು ಆ ಪದದ ಒಳಗೇ ಇದೆ. ಇಂಗ್ಲಿಷ್ ಪದ ಕೇಳಿದರೆ ತಪ್ಪು ನಮ್ಮದೇ ಅನ್ನಿಸುತ್ತದೆ. ಕನ್ನಡದ ಪದ ಹಸಿವನ್ನು ಹೇಳುತ್ತದೆ.

ವಾಂಟ್ ಇನ್ನೂ ವಿಚಿತ್ರ. ವಾಂಟ್ ಅಂದ್ರೆ 'ಬೇಕು' ಅಂತ ನಾವು ಕಲಿತಿದ್ದೇವೆ. ಆದರೆ ಅದರ ಹಳೆಯ ಅರ್ಥ 'ಇಲ್ಲ, ಕೊರತೆ'. ಇಲ್ಲ ಅನ್ನೋ ಪದವೇ ಅಲ್ಲಿ ಬೇಕು ಅಂತ ಆಗಿದೆ. ನಮ್ಮ ಮನೆಯಲ್ಲಿ 'ಇಲ್ಲ' ಅಂದ್ರೆ ಸುಮ್ಮನಾಗು ಅಂತ ಅರ್ಥ!

ಈಗ ಬರದ ವಿಷಯ. ಮಳೆ ಬರದಿದ್ದರೂ ನಮಗೆ ಬರ, ಜನ ಸತ್ತರೂ ಬರ. 1876-78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನ ಸತ್ತರೆಂದು ಅಂದಾಜಿದೆ. ದಾವಣಗೆರೆ, ಹರಿಹರ ಆಗ ಆ ಸಂಸ್ಥಾನದಲ್ಲೇ ಇದ್ದವು. ಅದಾದ ಮೇಲೆ 1880ರಲ್ಲಿ ಬ್ರಿಟಿಷರ ಕ್ಷಾಮ ಆಯೋಗ ವರದಿ ಕೊಟ್ಟಿತು, ಕ್ಷಾಮ ಸಂಹಿತೆಗಳು ಬಂದವು. ಅವುಗಳಲ್ಲಿ ಸ್ಕೇರ್ಸಿಟಿ ಬೇರೆ, ಫ್ಯಾಮಿನ್ ಬೇರೆ. ಸಾಹೇಬರು ಯಾವ ಪದ ಬರೆಯುತ್ತಾರೋ ಅದರ ಮೇಲೆ ಪರಿಹಾರ. ಈಗಲೂ ಬರ ಬಂದರೆ ಸಾಲದು, ಬರ ಅಂತ ಘೋಷಣೆ ಆಗಬೇಕು. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಹಸಿವು ಮೊದಲು ಬರುತ್ತದೆ, ಅದರ ಹೆಸರು ಆಮೇಲೆ.

ಬಿಪಿಎಲ್ ಅಂತೂ ಎಲ್ಲರ ಬಾಯಲ್ಲೂ ಇದೆ. ಹಿಂದೆ ಬಿಪಿಎಲ್ ಅಂದ್ರೆ ಸಾಹುಕಾರರ ಮನೆಯ ಟಿವಿಯಂತೆ. ಈಗ ಬಡವರ ಕಾರ್ಡು. 'ಬಡತನದ ಗೆರೆಯ ಕೆಳಗೆ' ಅಂತ ಅದರ ಅರ್ಥ. ಆ ಗೆರೆ ಯಾರ ಹೊಲದ ಬದುವಿನಲ್ಲೂ ಕಾಣಲ್ಲ. ಆದರೆ ಮೇಲಿದ್ದೀರೋ ಕೆಳಗಿದ್ದೀರೋ ಅನ್ನೋದರ ಮೇಲೆ ಅಕ್ಕಿ ಸಿಗುತ್ತದೆ.

ಇನ್ನು ದಾವಣಗೆರೆಯ ಮಾತು. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರು ಬಂದಿತ್ತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಗಿರಣಿಗಳು ಒಂದೊಂದಾಗಿ ನಿಂತವು, ಆಮೇಲೆ ಕಿರ್ಲೋಸ್ಕರ್ ಕೂಡ ಮುಚ್ಚಿತು. ನಮ್ಮಜ್ಜ ದಾವಣಗೆರೆಯ ಒಂದು ಮಿಲ್ಲಿನಲ್ಲಿ ನೂಲಿನ ಖಾತೆಯಲ್ಲಿದ್ದ. ಒಂದು ದಿನ ಗೇಟಿಗೆ ನೋಟೀಸು ಅಂಟಿಸಿದರು, ಅದು ಇಂಗ್ಲಿಷಿನಲ್ಲಿತ್ತು. "ಮಿಲ್ಲು ನಿಂತೋತು ಅಂತ ಅಷ್ಟೇ ಗೊತ್ತಾತು ನೋಡವ್ವ. ಯಾವ ಥರ ನಿಂತೋತು ಅಂತ ಯಾರು ಕೇಳ್ಬೇಕು?" ಅಂತಾನೆ ಅಜ್ಜ.

ಆದರೆ ಕೇಳಬೇಕಿತ್ತು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಈ ಪದಗಳಿಗೆ ಬೇರೆ ಬೇರೆ ಅರ್ಥವಿತ್ತು. ಹತ್ತಿ, ಕಲ್ಲಿದ್ದಲು, ಕರೆಂಟು ಇಲ್ಲದೆ ಕೆಲಸ ಕೊಡಲಾಗದಿದ್ದರೆ ಅದು ಲೇಆಫ್. ಒಂದು ವರ್ಷ ದುಡಿದ ಕಾಯಂ ಕೆಲಸಗಾರನಿಗೆ ಆಗ ಮೂಲ ಸಂಬಳ, ತುಟ್ಟಿಭತ್ಯೆ ಸೇರಿಸಿ ಅದರ ಅರ್ಧ ಕೊಡಬೇಕಿತ್ತು. ಜಗಳದಲ್ಲಿ ಮಾಲೀಕರೇ ಬಾಗಿಲು ಹಾಕಿದರೆ ಲಾಕೌಟ್. ಹೆಚ್ಚಾದರು ಅಂತ ಕೆಲಸದಿಂದ ತೆಗೆದರೆ ರಿಟ್ರೆಂಚ್‌ಮೆಂಟ್. ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ. ಮನೆಯಲ್ಲಿ ಮಾತ್ರ ಮೂರಕ್ಕೂ ಒಂದೇ ಅರ್ಥ: ಒಲೆ ಹತ್ತಲ್ಲ. ಅಜ್ಜ ಊರಿಗೆ ಬಂದು ಕೂಲಿಗೆ ಹೋದ. ತನಗೆ ಎಷ್ಟು ಬರಬೇಕಿತ್ತು ಅನ್ನೋದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

'ಬಡವನ ಕೋಪ ದವಡೆಗೆ ಮೂಲ' ಅಂತ ಗಾದೆ ಇದೆ. ಕೋಪ ಮಾಡಿಕೊಂಡರೆ ದವಡೆ ಹೋಗುತ್ತದೆ, ನಿಜ. ಆದರೆ ಸರಿಯಾದ ಪದ ಹಾಕಿ ಅರ್ಜಿ ಬರೆದರೆ ಯಾರೂ ದವಡೆಗೆ ಹೊಡೆಯೋಕಾಗಲ್ಲ, ಉತ್ತರ ಕೊಡಬೇಕಾಗುತ್ತದೆ. ಕಷ್ಟ ಹೇಳಿಕೊಳ್ಳೋಕೆ ಕನ್ನಡವೇ ಸಾಕು. ಆದರೆ ಗೇಟಿನ ಮೇಲೆ, ಆಫೀಸಿನ ಕಾಗದದ ಮೇಲೆ ನಮ್ಮ ಕಷ್ಟಕ್ಕೆ ಬೇರೆಯವರು ಏನು ಹೆಸರಿಟ್ಟಿದ್ದಾರೆ ಅಂತ ಓದೋಕೆ ಇಂಗ್ಲಿಷ್ ಬೇಕು. ಅದಕ್ಕೇ ಸ್ನೇಹಿತರೇ, ಈ ಪದಗಳನ್ನು ಪರೀಕ್ಷೆಗೆ ಮಾತ್ರ ಬಾಯಿಪಾಠ ಮಾಡಬೇಡಿ. ಮನೆಗೆ ಬಂದ ಕಾಗದಗಳನ್ನು ದೊಡ್ಡವರಿಗೆ ಓದಿ, ಅರ್ಥ ಹೇಳಿ.