ತಡವಾಗಿ ತಲುಪುವ ಸುದ್ದಿ

ಹೃದಯ ಕಸಿಯಾದ ಮೇಲೆ ನಾನು ಮೊದಲು ಕಲಿತದ್ದು ನಿಧಾನವಾಗಿ ಏಳುವುದನ್ನು. ಕಸಿ ಮಾಡುವಾಗ ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳನ್ನು ಜೋಡಿಸಲು ಬರುವುದಿಲ್ಲ. ಹಾಗಾಗಿ ಸುಮ್ಮನೆ ಕೂತಾಗಲೂ ನಿಮಿಷಕ್ಕೆ 90–100 ಸಲ ಬಡಿಯುವ ಈ ಹೃದಯ, ಮೆಟ್ಟಿಲು ಹತ್ತತೊಡಗಿದರೆ ತಕ್ಷಣ ಜೊತೆಗೆ ಬರುವುದಿಲ್ಲ. ನಾಲ್ಕು ಮೆಟ್ಟಿಲು ಹತ್ತಿ ಅದಕ್ಕಾಗಿ ಕಾಯಬೇಕು.

ಮೊನ್ನೆ ದೇವನಹಳ್ಳಿ ಪೇಟೆಯಲ್ಲಿ ಬೈಕೊಂದು ಮೈಮೇಲೆಯೇ ಬಂತು. ಪಕ್ಕಕ್ಕೆ ಸರಿದೆ. ಬಾಯಿ ಒಣಗಿತು, ಅಂಗೈ ತಣ್ಣಗಾಯಿತು. ಎದೆ ಮಾತ್ರ ತನ್ನ ಪಾಡಿಗೆ ತಾನಿತ್ತು. ಬೈಕು ಮರೆಯಾಗಿ, ಸೊಪ್ಪಿನಾಕೆ ದಂಟಿನ ಕಟ್ಟು ಚೀಲಕ್ಕೆ ಹಾಕಿ ಚಿಲ್ಲರೆ ಎಣಿಸುತ್ತಿದ್ದಾಗ ಡವಡವ ಶುರುವಾಯಿತು. ರಕ್ತದಲ್ಲಿ ಹರಿದು ಬರುವ ಅಡ್ರಿನಲಿನ್ನೇ ಅದಕ್ಕೆ ಸುದ್ದಿ ಮುಟ್ಟಿಸಬೇಕು. ಹೆದರಿಕೆ ಮುಗಿದ ಮೇಲೆ ಬಂದ ಆ ಬಡಿತದ ಮೇಲೆ ನನಗೆ ಅಕ್ಕರೆ ಉಕ್ಕಿತು.

ಹೃದಯ ಒಗ್ಗಿದರೂ ದೇಹ ಅದನ್ನು ಹೊರಗಿನದೆಂದೇ ತಿಳಿಯುತ್ತದೆ. ಅದಕ್ಕೇ ಹನ್ನೆರಡು ಗಂಟೆಗೊಮ್ಮೆ ಟ್ಯಾಕ್ರೋಲಿಮಸ್. ಕಾಫಿ ಲೋಟ ಹಿಡಿದರೆ ಬೆರಳು ನಡುಗುತ್ತವೆ, ಅದೂ ಆ ಮಾತ್ರೆಯದೇ. ದೇಹದ ಕಾವಲು ತಗ್ಗುವುದರಿಂದ ಜಾತ್ರೆ, ಮದುವೆಮನೆಯ ನೂಕುನುಗ್ಗಲು ದೂರ. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ವೈದ್ಯ ಕ್ರಿಸ್ಟಿಯಾನ್ ಬರ್ನಾರ್ಡ್ ಮೊದಲ ಬಾರಿಗೆ ಮನುಷ್ಯನ ಹೃದಯ ಕಸಿ ಮಾಡಿದ ಲೂಯಿ ವಾಶ್ಕಾನ್ಸ್ಕಿ 18 ದಿನ ಬದುಕಿದರು. ಅವರನ್ನು ಕೊಂಡೊಯ್ದದ್ದು ನ್ಯುಮೋನಿಯಾ. ಮಾಸ್ಕ್ ಕಟ್ಟಿಕೊಳ್ಳುವಾಗಲೆಲ್ಲ ಅವರ ನೆನಪಾಗುತ್ತದೆ.

ನಮ್ಮ ಹಿತ್ತಿಲಲ್ಲಿ ಚಕ್ಕೋತದ ಮರವಿದೆ. ಆ ಹಣ್ಣು ಕರುಳಿನಲ್ಲಿ ಈ ಔಷಧಿಯನ್ನು ಒಡೆಯುವ ಕಿಣ್ವಕ್ಕೆ ಅಡ್ಡಬರುತ್ತದೆ. ರಕ್ತದಲ್ಲಿ ಮದ್ದಿನ ಮಟ್ಟ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು.

“ಒಂದೇ ಒಂದು ತೊಳೆ ತಿಂದ್ರೆ ಏನಾಗತ್ತೋ?” ಎಂದರು ದೊಡ್ಡಮ್ಮ, ಉಪ್ಪು ಖಾರ ಸವರಿದ ತೊಳೆಗಳ ತಟ್ಟೆ ಹಿಡಿದು.

“ಈ ಹೃದಯ ನನ್ನೊಬ್ಬನದಲ್ಲ ದೊಡ್ಡಮ್ಮ” ಎಂದೆ. ಕೊಟ್ಟವರ ಹೆಸರು ನನಗೆ ಗೊತ್ತಿಲ್ಲ, ಹೇಳುವ ಪದ್ಧತಿಯಿಲ್ಲ. ಯಾವುದೋ ಮನೆಯವರು, ಮೈ ಇನ್ನೂ ಬೆಚ್ಚಗಿದ್ದ ತಮ್ಮವರ ಪಕ್ಕ ನಿಂತು ಒಪ್ಪಿಗೆಗೆ ಸಹಿ ಹಾಕಿದ್ದಾರೆ. ಆ ಸಹಿ ನೆನೆದರೆ ಒಂದು ಹೊತ್ತಿನ ಮಾತ್ರೆ ತಪ್ಪಿಸಲೂ ಮನಸ್ಸು ಒಪ್ಪುವುದಿಲ್ಲ.

ದೊಡ್ಡಮ್ಮ ತಟ್ಟೆಯನ್ನು ಒಳಗಿಟ್ಟರು. ಮರುದಿನ ಕಾಯಿಗಳನ್ನೆಲ್ಲ ಕೀಳಿಸಿ ಬೀದಿಯ ಮಕ್ಕಳಿಗೆ ಹಂಚಿ, ನನಗೊಂದು ಚಿಪ್ಪು ಬಾಳೆಹಣ್ಣು ತರಿಸಿದರು.