ಕಠ್ಮಂಡುವಿನಿಂದ ಹುಬ್ಬಳ್ಳಿಯವರೆಗೆ

ಪ್ರವಾಸಕಥನಗಳಲ್ಲಿ ಹೋಗುವ ದಾರಿಗೆ ದೊರೆಯುವ ಪುಟಗಳು ಮರಳುವ ದಾರಿಗೆ ದೊರೆಯುವುದಿಲ್ಲ. ಕಂಡ ದೇಗುಲ, ಏರಿದ ಬೆಟ್ಟಗಳ ವರ್ಣನೆ ಮುಗಿಯಿತೆಂದರೆ ‘ಅಲ್ಲಿಂದ ಸುಖವಾಗಿ ಊರು ಸೇರಿದೆವು’ ಎಂಬ ಒಂದೇ ವಾಕ್ಯದಿಂದ ಗ್ರಂಥ ಸಮಾಪ್ತವಾಗುತ್ತದೆ. ಆದರೆ ತರುಣರನ್ನು ಪರದೇಶಕ್ಕೆ ಕರೆದೊಯ್ದವರಿಗೆ ಹೊಣೆಯ ಭಾರ ತಿಳಿಯುವುದು ಮರಳುವ ದಾರಿಯಲ್ಲಿಯೇ. ಕೈಯಲ್ಲಿನ ಹಣ ಕರಗಿರುತ್ತದೆ, ಮೈ ದಣಿದಿರುತ್ತದೆ. ಮನಸ್ಸು ಮಾತ್ರ ದೇಹಕ್ಕಿಂತ ಮೊದಲೇ ಮನೆಯ ಹೊಸ್ತಿಲನ್ನು ತುಳಿದಿರುತ್ತದೆ.

2024ರ ನವೆಂಬರ್ ತಿಂಗಳಿನಲ್ಲಿ ನಮ್ಮ ಭಾಗದ ಪದವಿ ಕಾಲೇಜೊಂದರ ಮೂವತ್ತೆರಡು ವಿದ್ಯಾರ್ಥಿಗಳು ನೇಪಾಳಕ್ಕೆ ಶೈಕ್ಷಣಿಕ ಪ್ರವಾಸ ಕೈಗೊಂಡರು. ಮೂವರು ಅಧ್ಯಾಪಕರ ಜೊತೆಗೆ ಮಾರ್ಗದರ್ಶಕರಾಗಿ ನಾವೂ ಹೊರಟೆವು. ಭಾರತೀಯರಿಗೆ ಅಲ್ಲಿಗೆ ವೀಸಾ ಬೇಕಿಲ್ಲ; ಮತದಾರರ ಗುರುತಿನ ಚೀಟಿ ಸಾಕು. ಪಶುಪತಿನಾಥನ ಸನ್ನಿಧಿಯ ಅರ್ಚಕರಾದ ಭಟ್ಟರು ಕರ್ನಾಟಕ ಮೂಲದವರೆಂದು ತಿಳಿದು ಮಕ್ಕಳು ಹಿಗ್ಗಿದರು. ಭಕ್ತಪುರದಲ್ಲಿ ಜಂಗಮ ಮಠವಿದೆ ಎಂಬುದು ಅವರಿಗೆ ಹೊಸ ಸಂಗತಿ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಉರುಳಿದ ಗುಡಿಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ ಕೆಲಸವನ್ನೂ ಕಂಡರು. ಆ ದಿನಗಳ ವೃತ್ತಾಂತ ಇಲ್ಲಿ ಬೇಡ. ನಾವು ಹೇಳಬೇಕಾದದ್ದು ಬಂದ ದಾರಿಯ ಮಾತು.

ಸೋಮವಾರ ನಸುಕಿನಲ್ಲಿ ಬಾಡಿಗೆಯ ಬಸ್ಸು ಕಠ್ಮಂಡು ಬಿಟ್ಟಿತು. ಸಂಜೆಗೆ ಸುನೌಲಿಯ ಗಡಿ, ರಾತ್ರಿಗೆ ಗೋರಖಪುರ, ಮಂಗಳವಾರ ಬೆಳಿಗ್ಗೆ ಪುಣೆಯ ರೈಲು, ಗುರುವಾರ ಹುಬ್ಬಳ್ಳಿ: ಕಾಗದದ ಮೇಲೆ ಲೆಕ್ಕ ಅಚ್ಚುಕಟ್ಟಾಗಿತ್ತು. ಆದರೆ ಕಣಿವೆಯನ್ನು ದಾಟಿ ಇಳಿಯುವ ನಾಗಢುಂಗಾದಲ್ಲಿಯೇ ವಾಹನಗಳು ಇರುವೆಯ ಸಾಲಿನಂತೆ ನಿಂತಿದ್ದವು. ಸೆಪ್ಟೆಂಬರ್ ಕೊನೆಯ ಮಹಾವೃಷ್ಟಿಯಲ್ಲಿ ನೇಪಾಳದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ತೆತ್ತಿದ್ದರು. ರಸ್ತೆಗಳ ಗಾಯ ಇನ್ನೂ ಮಾದಿರಲಿಲ್ಲ. ತ್ರಿಶೂಲಿ ನದಿಯ ದಂಡೆಗುಂಟ ಸಾಗುವ ಪೃಥ್ವಿ ಹೆದ್ದಾರಿಯಲ್ಲಿ ಮುಗ್ಲಿಂಗ್ ಸುಮಾರು 110 ಕಿಲೋಮೀಟರು. ಅಷ್ಟು ಕ್ರಮಿಸುವಷ್ಟರಲ್ಲಿ ಸೂರ್ಯ ಗುಡ್ಡದ ಹಿಂದೆ ಸರಿದಿದ್ದ.

ಮುಗ್ಲಿಂಗಿನಲ್ಲಿ ಮರ್ಸ್ಯಾಂಗ್ದಿ ನದಿ ತ್ರಿಶೂಲಿಯನ್ನು ಕೂಡುತ್ತದೆ. ಅಲ್ಲಿಂದ ನಾರಾಯಣಗಢಕ್ಕೆ 36 ಕಿಲೋಮೀಟರು. ಒಂದು ಕಡೆ ಕಡಿದ ಬೆಟ್ಟ, ಇನ್ನೊಂದು ಕಡೆ ಹೊಳೆ. ಚಾಲಕ ಬಸ್ಸು ನಿಲ್ಲಿಸಿ ನಮ್ಮ ಬಳಿಗೆ ಬಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದ: “ನೀವು ಹೋಗು ಎಂದರೆ ಹೋಗುತ್ತೇನೆ. ಆದರೆ ಮಣ್ಣು ಇನ್ನೂ ಹಸಿಯಿದೆ. ಜುಲೈಯಲ್ಲಿ ಹೊಳೆಗೆ ಹೋದ ಬಸ್ಸುಗಳೂ ಕತ್ತಲಲ್ಲಿಯೇ ಹೊರಟಿದ್ದವು.” 2024ರ ಜುಲೈ 12ರ ನಸುಕಿನಲ್ಲಿ ಇದೇ ರಸ್ತೆಯ ಸಿಮಲ್‌ತಾಲ್ ಎಂಬಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ಅರವತ್ತಕ್ಕೂ ಹೆಚ್ಚು ಪ್ರಯಾಣಿಕರೊಡನೆ ತ್ರಿಶೂಲಿಯ ಪಾಲಾಗಿದ್ದವು.

ವಿದ್ಯಾರ್ಥಿಗಳು ನಮ್ಮನ್ನು ಸುತ್ತುವರಿದರು. ಬೇರೆ ಬಸ್ಸುಗಳು ಹೋಗುತ್ತಿರುವುದನ್ನು ಬೆರಳು ಮಾಡಿ ತೋರಿಸಿದರು. ರೈಲು ತಪ್ಪಿದರೆ ಎಲ್ಲರ ಟಿಕೆಟು ವ್ಯರ್ಥ. ಅವರಲ್ಲಿ ಒಬ್ಬ ಹುಡುಗಿಯ ಅಕ್ಕನ ಮದುವೆ ಶುಕ್ರವಾರ ಮಧ್ಯಾಹ್ನ. ಆಕೆ ಕೈಮುಗಿದು, “ಗುರುಗಳ, ಹೆಂಗಾರ ಮಾಡಿ ಹೋಗೂಣ್ರಿ. ಅಕ್ಕಿಕಾಳು ಹಾಕಾಕ ನಾ ಇರಬೇಕ್ರಿ” ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಧ್ಯಾಪಕರೊಡನೆ ಆಲೋಚಿಸಿ, ರಾತ್ರಿ ಮುಗ್ಲಿಂಗಿನಲ್ಲಿಯೇ ಇರುವುದೆಂದು ನಿಶ್ಚಯಿಸಿದೆವು. ಆ ದಾರಿಯನ್ನು ದಿನವೂ ತುಳಿಯುವವನ ಮಾತು ನಮ್ಮ ಅವಸರಕ್ಕಿಂತ ದೊಡ್ಡದೆಂದು ನಮಗೆ ತೋರಿತು. ಬಸ್ಸು ನಡೆಸುವುದು ಅವನ ಕಾಯಕ; ನಿಲ್ಲಬೇಕಾದಲ್ಲಿ ನಿಲ್ಲುವುದೂ ಆ ಕಾಯಕದ ಭಾಗವೇ.

ಆ ರಾತ್ರಿ ಹೆದ್ದಾರಿಯ ಬದಿಯ ಊಟದ ಮನೆಯೊಂದರಲ್ಲಿ ಬೇಳೆ, ಅನ್ನ, ಸೊಪ್ಪಿನ ಪಲ್ಯ. ಕೆಲವು ಹುಡುಗರು ನಮ್ಮೊಡನೆ ಮಾತು ಬಿಟ್ಟರು. ಆ ಹುಡುಗಿ ಊಟ ಮಾಡಲಿಲ್ಲ. ಅಧ್ಯಾಪಿಕೆಯವರು ಅವಳ ಬಳಿ ತಡರಾತ್ರಿಯವರೆಗೂ ಕುಳಿತಿದ್ದರು. ಕೆಳಗೆ ಹೊಳೆಯ ಮೊರೆತ ಬೆಳಗಾಗುವವರೆಗೂ ಕೇಳುತ್ತಿತ್ತು.

ಮರುದಿನ ಬೆಳಕಿನಲ್ಲಿ ಆ ರಸ್ತೆಯನ್ನು ನಿಧಾನವಾಗಿ ದಾಟಿದೆವು. ಬೆಟ್ಟದ ಮೈಯಲ್ಲಿ ಸುಲಿದ ಕೆಂಪು ಪಟ್ಟಿಗಳು, ರಸ್ತೆಯಂಚಿಗೆ ಸರಿಸಿದ ಬಂಡೆಗಳು ಕಂಡವು. ಬಸ್ಸಿನೊಳಗಿನ ಹಾಡು ತಾನಾಗಿಯೇ ನಿಂತಿತು. ನಾರಾಯಣಗಢದಿಂದ ಮುಂದೆ ಮಹೇಂದ್ರ ಹೆದ್ದಾರಿ. ಅಗಲೀಕರಣದ ಕೆಲಸದ ಧೂಳಿನಲ್ಲಿ ತೆವಳುತ್ತ ಬುಟ್ವಲ್, ಭೈರಹವಾ ದಾಟಿ ಇಳಿಹೊತ್ತಿಗೆ ಸುನೌಲಿ ಮುಟ್ಟಿದೆವು. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದು. ಗಡಿಯಲ್ಲಿ ಎಲ್ಲರೂ ಮುಳ್ಳು ಹಿಂದಕ್ಕೆ ತಿರುಗಿಸುವಾಗ ಆ ಹುಡುಗಿ, “ಕಾಲು ತಾಸಾದ್ರೂ ಹೊಳ್ಳಿ ಸಿಕ್ತು” ಎಂದಳು. ಮುಗ್ಲಿಂಗ್ ಬಿಟ್ಟ ಮೇಲೆ ಆಕೆ ಆಡಿದ ಮೊದಲ ಮಾತು ಅದು.

ಊರಿನಲ್ಲಿದ್ದ ಪಾಲಕರು ತಮ್ಮಲ್ಲಿಯೇ ಹಂಚಿಕೊಂಡು ಬುಧವಾರದ ರೈಲಿಗೆ ತತ್ಕಾಲ್ ಟಿಕೆಟುಗಳಿಗೆ ಯತ್ನಿಸಿದ್ದರು. ಇಪ್ಪತ್ತು ಜನರಿಗೆ ಮಾತ್ರ ಸ್ಥಳ ದೊರೆತಿತ್ತು. ಮುಗ್ಲಿಂಗಿನಲ್ಲಿ ಮಾತು ಬಿಟ್ಟಿದ್ದ ಹುಡುಗರೇ ಜನರಲ್ ಡಬ್ಬಿಗೆ ಮುಂದಾದರು. ಗೋರಖಪುರದ 1366 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಮೇಲೆ ಗಂಟುಮೂಟೆ ಹೊತ್ತು ನಡೆಯುವಾಗ, ಒಂದು ಕಾಲಕ್ಕೆ ಜಗತ್ತಿನಲ್ಲಿಯೇ ಉದ್ದವೆನಿಸಿದ್ದ ಇದನ್ನು 2023ರ ಮಾರ್ಚ್ ತಿಂಗಳಿನಲ್ಲಿ ನಮ್ಮ ಹುಬ್ಬಳ್ಳಿಯ 1507 ಮೀಟರಿನ ಪ್ಲಾಟ್‌ಫಾರ್ಮು ಹಿಂದಿಕ್ಕಿತೆಂದು ನೆನಪಿಸಿದೆವು. “ಅಂದ್ರ ಊರು ಮುಟ್ಟಿದ ಮ್ಯಾಲೂ ಇನ್ನಷ್ಟು ನಡೀಬೇಕ್ರಿ?” ಎಂದು ಒಬ್ಬ ಕೇಳಿದ, ಎಲ್ಲರೂ ನಕ್ಕರು.

ಕಾನಪುರ, ಝಾನ್ಸಿ, ಭೋಪಾಳ, ಇಟಾರ್ಸಿ ಹಿಂದೆ ಸರಿದವು. ಮನೆಯಿಂದ ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ಚೀಲಗಳ ತಳದಲ್ಲಿ ಉಳಿದಿದ್ದವು. ಹೋಗುವಾಗ ಅವರವರ ಡಬ್ಬಿಯನ್ನು ಅವರವರೇ ಬಿಚ್ಚಿದ್ದವರು ಈಗ ಎಲ್ಲವನ್ನೂ ಒಂದು ಟವೆಲಿನ ಮೇಲೆ ಸುರಿದು, ಜನರಲ್ ಡಬ್ಬಿಯವರಿಗೆ ಮೊದಲು ಕಳಿಸಿ ತಾವು ಉಂಡರು. ದಾಸೋಹದ ಬಗ್ಗೆ ನಾವು ಅವರಿಗೆ ಉಪನ್ಯಾಸ ಮಾಡಲಿಲ್ಲ. ಮಾಡುವ ಅಗತ್ಯವೂ ಕಾಣಲಿಲ್ಲ.

ಶುಕ್ರವಾರ ಪುಣೆಯಲ್ಲಿ ರೈಲು ಬದಲಿಸಿದೆವು. ಮಧ್ಯಾಹ್ನ ಅಕ್ಷತೆಯ ವೇಳೆಗೆ ಆ ಹುಡುಗಿ ಕಿಟಕಿಯ ಬಳಿ ಕುಳಿತು ಫೋನಿನಲ್ಲಿ ಮಂಗಲವಾದ್ಯ ಕೇಳಿಸಿಕೊಂಡಳು. ಗೆಳತಿಯರು ಸುಮ್ಮನೆ ಸುತ್ತ ಕುಳಿತರು. ಮಿರಜ ದಾಟಿ ಶೇಡಬಾಳದಲ್ಲಿ ಕನ್ನಡದ ಫಲಕ ಕಂಡಿತು. ಉಗಾರ, ಕುಡಚಿಗಳ ನಡುವೆ ಕೃಷ್ಣೆಯನ್ನು ದಾಟುವಾಗ ಮಕ್ಕಳು ಎದ್ದು ಕೈಮುಗಿದರು. ಘಟಪ್ರಭಾ ನಿಲ್ದಾಣದಲ್ಲಿ ಆಕೆಯ ತಂದೆ ಮದುವೆಯ ಪಟಗದಲ್ಲಿಯೇ ನಿಂತಿದ್ದರು. “ಗಂಡು ಹೆಣ್ಣು ಇನ್ನೂ ಮನಿಯಾಗ ಅದಾರವ್ವಾ, ನಡಿ. ನಿನ್ನ ಪಾಲಿನ ಅಕ್ಕಿಕಾಳು ಎತ್ತಿಟ್ಟೇನಿ” ಎಂದು ಮಗಳ ತಲೆ ಸವರಿದರು. ನಮ್ಮತ್ತ ತಿರುಗಿ, “ತಡಾ ಆತು ಖರೆ, ಬಂದ್ಲಲ್ರಿ ಅಪ್ಪಾರ” ಎಂದರು. ರೈಲು ಹೊರಟಿತು.

ಆ ರಾತ್ರಿ ಮುಂದೆ ಹೋದ ಬಸ್ಸುಗಳು ಸುಖವಾಗಿ ಊರು ಸೇರಿರಬಹುದು. ಸೇರಿರಲೆಂದೇ ನಮ್ಮ ಹಾರೈಕೆ. ಅದರಿಂದ ನಮ್ಮ ನಿಶ್ಚಯ ಬದಲಾಗುವುದಿಲ್ಲ. ಆದರೆ ಅದರ ಬೆಲೆಯನ್ನು ತೆತ್ತವಳು ಆ ಹುಡುಗಿಯೇ ಎಂಬುದನ್ನು ನಾವು ಮರೆಯಲಾರೆವು. ಮಕ್ಕಳನ್ನು ಪ್ರವಾಸಕ್ಕೆ ಕಳುಹಿಸುವ ಪಾಲಕರೂ ಕರೆದೊಯ್ಯುವ ಗುರುಗಳೂ ಬುತ್ತಿಯ ಜೊತೆಗೆ ಒಂದು ದಿನವನ್ನೂ ಹೆಚ್ಚಾಗಿ ಕಟ್ಟಿಕೊಳ್ಳಬೇಕು. ದಾರಿಯಲ್ಲಿ ಖರ್ಚಾಗದೆ ಉಳಿದರೆ ಆ ದಿನ ಮನೆಗೆ ಸಲ್ಲುತ್ತದೆ. ಚಾಲಕನು ನಿಲ್ಲೋಣವೆಂದಾಗ ನಿಲ್ಲುವ ಧೈರ್ಯ ಅಂಥ ಒಂದು ದಿನ ಕೈಯಲ್ಲಿದ್ದವರಿಗೆ ಸುಲಭವಾಗಿ ಬರುತ್ತದೆ.